ಪತ್ತನಾಜೆಯೊಳಗಿನ ಕರಾವಳಿ: ಘಟ್ಟದ ಕೆಳಗಿನ ಬೇಸಿಗೆ ಉತ್ಸವಗಳು

ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ಕರಾವಳಿಯ ಬೇಸಿಗೆಯನ್ನು ಅದು ಮುಗಿಯುವ ದಿನದಿಂದ ವಿವರಿಸಲು ತೊಡಗುವುದೇ ಸರಿಯೆಂದು ನನಗೆ ತೋರುತ್ತದೆ. ತುಳುವರ ಲೆಕ್ಕದಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಸಾಮಾನ್ಯವಾಗಿ ಮೇ 24 ಅಥವಾ 25ರಂದು, ಪತ್ತನಾಜೆ ಬರುತ್ತದೆ. ಆ ದಿನದ ನಂತರ ದೇವಸ್ಥಾನಗಳಲ್ಲಿ ಉತ್ಸವಗಳಿಲ್ಲ, ದೈವಗಳಿಗೆ ಕೋಲ ನೇಮಗಳಿಲ್ಲ, ಯಕ್ಷಗಾನ ಮೇಳಗಳಿಗೆ ತಿರುಗಾಟವಿಲ್ಲ. ಕಲಾವಿದರು ದೇವರ ಮುಂದೆ ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತಾರೆ. ಆಜ್ಞೆ ಹೊರಡಿಸುವವರು ಯಾರೂ ಇಲ್ಲದೆ ಒಂದು ಸೀಮೆ ತನ್ನ ಉತ್ಸವಗಳಿಗೆ ತಾನೇ ಕೊನೆಯ ದಿನವನ್ನು ಗೊತ್ತುಮಾಡಿಕೊಂಡು ತಲೆಮಾರುಗಳಿಂದ ಪಾಲಿಸುತ್ತ ಬಂದಿರುವುದು ನನ್ನ ಮಟ್ಟಿಗೆ ಯಾವ ತೇರಿಗಿಂತಲೂ ಕುತೂಹಲದ ಸಂಗತಿ. ಇಂದಿನ ನನ್ನ ಮಾತೆಲ್ಲ ಈ ಗಡುವಿನ ಸುತ್ತಲೇ ಇರುತ್ತದೆ.

ನಮ್ಮಲ್ಲಿ ಬಹುಪಾಲು ಜನರು ಕರಾವಳಿಯನ್ನು ಕಾಣುವುದು ಬೇಸಿಗೆ ರಜೆಯಲ್ಲಿ. ಆಗುಂಬೆಯ ಹದಿನಾಲ್ಕು ತಿರುವುಗಳನ್ನೋ, ಹುಲಿಕಲ್ಲಿನ ಬಾಳೆಬರೆ ಘಾಟಿಯನ್ನೋ, ಸಾಗರದ ಕಡೆಯವರಾದರೆ ಗೇರುಸೊಪ್ಪೆಯ ದಾರಿಯನ್ನೋ ಇಳಿದು, ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ನೀರಿಗಿಳಿದು, ಮೀನಿನೂಟವನ್ನೋ ಉಡುಪಿಯ ಮಠದ ಊಟವನ್ನೋ ಮಾಡಿ, ರಾತ್ರಿಯೊಳಗೆ ಘಟ್ಟ ಹತ್ತಿಬಿಡುತ್ತೇವೆ. ತಪ್ಪೇನಿಲ್ಲ. ಆದರೆ ನಾವು ಘಟ್ಟ ಹತ್ತುವ ಹೊತ್ತಿಗೇ ಅಲ್ಲಿನ ಬೇಸಿಗೆ ಶುರುವಾಗುತ್ತದೆ. ಹಗಲೆಲ್ಲ ಸೆಕೆಯಿಂದ ಬೆವೆತ ಊರು ರಾತ್ರಿ ಒಂಬತ್ತರ ಮೇಲೆ ಮೈಕೊಡವಿಕೊಂಡು ಹೊರಬರುತ್ತದೆ. ಕಡಲಿನಿಂದ ಒಂದು ಹರದಾರಿ ಒಳಗೆ, ಒಣಗಿದ ಯಾವುದೋ ಬಾಕಿಮಾರು ಗದ್ದೆಯಲ್ಲಿ, ಚಪ್ಪರ ಹಾಕಿ ದೀಪ ಹಚ್ಚಿ ಒಂದು ಇಡೀ ಊರು ಬೆಳಗಿನವರೆಗೆ ಎಚ್ಚರವಾಗಿರುತ್ತದೆ. ಹಗಲಿನ ಪ್ರವಾಸಿಗೆ ಅದು ಕಾಣುವುದಿಲ್ಲ.

ಗದ್ದೆ ಎಂದೆನಲ್ಲ, ಅಲ್ಲಿಂದಲೇ ಕಾರಣವನ್ನು ಹುಡುಕಬೇಕು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯನ್ನು ಜಿಲ್ಲೆಯೊಳಗೆ ಇಟ್ಟುಕೊಂಡ ನಮಗೆ ಆ ಅಂಕಿ ದೊಡ್ಡದೆನಿಸದಿರಬಹುದು. ಆದರೆ ಅದು ಆ ಸೀಮೆಯ ಬದುಕನ್ನು ಎರಡು ಹೋಳಾಗಿ ಸೀಳುತ್ತದೆ. ಮಳೆಯ ಭಾಗದಲ್ಲಿ ಗದ್ದೆಯಲ್ಲಿ ಏಣೆಲು ಎಂಬ ಮೊದಲ ಭತ್ತದ ಬೆಳೆ ನಿಂತಿರುತ್ತದೆ, ನಂತರ ಸುಗ್ಗಿ ಎಂಬ ಎರಡನೆಯದು, ನೀರಿದ್ದ ಕಡೆ ಕೊಳಕೆ ಎಂಬ ಮೂರನೆಯದು. ಈ ಬೆಳೆಗಳು ಒಂದೊಂದಾಗಿ ಕೊಯ್ಲಾದಂತೆ ಗದ್ದೆಗಳು ತೆರವಾಗುತ್ತವೆ. ನೆಲ ಗಟ್ಟಿಯಾಗುತ್ತದೆ, ಜನ ಕೂರಬಹುದು, ಚಪ್ಪರದ ಕಂಬ ನೆಡಬಹುದು, ಅಂಗಡಿ ಸಾಲು ಹಾಕಬಹುದು. ಕಣಜದಲ್ಲಿ ಭತ್ತವಿರುತ್ತದೆ, ಹರಕೆ ತೀರಿಸಲು ಕೈಯಲ್ಲಿ ನಾಲ್ಕು ಕಾಸಿರುತ್ತದೆ. ಹೀಗೆ ಬಯಲೂ ಬಿಡುವೂ ದುಡ್ಡೂ ಒಟ್ಟಿಗೆ ಕೂಡಿಬರುವ ಅವಧಿ ನವೆಂಬರ್‌ನಿಂದ ಮೇವರೆಗಿನದು, ಅದರಲ್ಲಿಯೂ ಒತ್ತಾಗಿ ಮಾರ್ಚ್‌ನಿಂದ ಮೇವರೆಗಿನದು. ಇಂದು ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ, ನಿವೇಶನವಾಗಿವೆ, ಬೇಸಾಯವಿಲ್ಲದೆ ಹಡಿಲು ಬಿದ್ದಿವೆ. ಆದರೂ ಉತ್ಸವದ ತಿಂಗಳುಗಳು ಹಳೆಯ ಗದ್ದೆಯ ಲೆಕ್ಕದಲ್ಲಿಯೇ ನಡೆಯುತ್ತಿವೆ.

ನಾವು ಯುಗಾದಿಯನ್ನು ಚಾಂದ್ರಮಾನದಲ್ಲಿ ಆಚರಿಸಿ ಬೇವು ಬೆಲ್ಲ ತಿನ್ನುವವರು. ತುಳುನಾಡಿನವರು ಸೌರಮಾನದವರು. ಅವರ ಹೊಸ ವರ್ಷ ಪಗ್ಗು ತಿಂಗಳ ಮೊದಲ ದಿನ, ಏಪ್ರಿಲ್ ನಡುವಿನಲ್ಲಿ ಬರುವ ಬಿಸು. ಹಿಂದಿನ ರಾತ್ರಿಯೇ ದೇವರ ಮುಂದೆ ಸೌತೆ, ಮಾವು, ಹಲಸು, ಗೇರುಹಣ್ಣು, ತೆಂಗಿನಕಾಯಿ, ಹೂವು, ಕನ್ನಡಿ, ಮನೆಯಲ್ಲಿರುವ ಚಿನ್ನ ಇವನ್ನೆಲ್ಲ ಜೋಡಿಸಿಟ್ಟು, ಬೆಳಗ್ಗೆ ಎದ್ದವರು ಮೊದಲು ಆ ಕಣಿಯನ್ನು ನೋಡಬೇಕು. ನಂತರ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಊಟಕ್ಕೆ ಹಸಿ ಗೇರುಬೀಜ ಹಾಕಿದ ಪಾಯಸವಿರುತ್ತದೆ. ಬೇಸಿಗೆಯ ಫಸಲನ್ನೆಲ್ಲ ಒಮ್ಮೆ ಕಣ್ಣೆದುರು ಸಾಲಾಗಿ ನಿಲ್ಲಿಸುವ ಹಬ್ಬವಿದು, ಗದ್ದಲವಿಲ್ಲದ ಮನೆಯ ಹಬ್ಬ. ಸೌರಮಾನದ ಒಂದು ಪರಿಣಾಮವನ್ನು ಮಾತ್ರ ಗಮನಿಸಿ: ಅಲ್ಲಿನ ಹಲವು ಜಾತ್ರೆಗಳ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಅಲುಗುವುದೇ ಇಲ್ಲ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ ಏಪ್ರಿಲ್ 1ರಂದು ಗೊನೆ ಕಡಿಯುತ್ತಾರೆ, 10ರಂದು ಕೊಡಿ, ಅಂದರೆ ಧ್ವಜ, ಏರುತ್ತದೆ, 17ರಂದು ಬ್ರಹ್ಮರಥೋತ್ಸವ, 18ರಂದು ದೇವರು ಅವಭೃತ ಸ್ನಾನಕ್ಕೆಂದು ಕುಮಾರಧಾರಾ ತೀರದ ವೀರಮಂಗಲಕ್ಕೆ ಹೊರಡುತ್ತಾನೆ. ಅಜ್ಜನ ಕಾಲದಲ್ಲಿಯೂ ಏಪ್ರಿಲ್ ಹದಿನೇಳೇ, ಮೊಮ್ಮಗನ ಕಾಲಕ್ಕೂ ಹದಿನೇಳೇ. ಮುಂಬಯಿಯಲ್ಲಿ ಕುಳಿತವನು ಪಂಚಾಂಗ ತೆರೆಯದೆಯೇ ರೈಲಿನ ಟಿಕೆಟ್ ತೆಗೆಯಬಹುದು.

ಪುತ್ತೂರು ಕಡಲತೀರದ ಊರಲ್ಲ, ಅದನ್ನು ಬಲ್ಲೆ. ಆದರೆ ಕರಾವಳಿಯ ಜಾತ್ರೆಯ ಮಾದರಿ ಅಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಅದನ್ನು ಹೇಳಿದೆ. ನಮ್ಮ ಜಾತ್ರೆಗಳಲ್ಲಿ ಜನರು ದೇವರ ಬಳಿಗೆ ಹೋಗುತ್ತಾರೆ. ಅಲ್ಲಿ ಅದರ ಜೊತೆಗೆ ದೇವರೂ ಪೇಟೆ ಸವಾರಿ ಹೊರಡುತ್ತಾನೆ, ದಿನಕ್ಕೊಂದು ದಿಕ್ಕಿಗೆ ಹೋಗಿ, ಅಲ್ಲಲ್ಲಿ ಕಟ್ಟಿರುವ ಕಟ್ಟೆಗಳಲ್ಲಿ ಕುಳಿತು ಪೂಜೆ ಸ್ವೀಕರಿಸುತ್ತಾನೆ. ಅರ್ಚಕರು ದೇವರ ಉತ್ಸವಮೂರ್ತಿಯನ್ನು ತಲೆಯ ಮೇಲೆ ಹೊತ್ತು ಚೆಂಡೆಯ ಲಯಕ್ಕೆ ಹೆಜ್ಜೆ ಹಾಕುವ ಬಲಿ ಉತ್ಸವವನ್ನು ನೋಡಿದವರಿಗೆ, ಈ ಸೀಮೆಯಲ್ಲಿ ಕುಣಿತವೆಂಬುದು ದೈವದ ಅಂಗಳಕ್ಕೂ ಯಕ್ಷಗಾನದ ಆಟದ ರಂಗಸ್ಥಳಕ್ಕೂ ಸೀಮಿತವಲ್ಲವೆಂದು ತಿಳಿಯುತ್ತದೆ.

ಒಂದೊಂದು ಊರಿಗೂ ಅದರದೇ ಆದ ಗುರುತು ಇದೆ. ಪೊಳಲಿಯ ರಾಜರಾಜೇಶ್ವರಿಯ ಜಾತ್ರೆ ಮಾರ್ಚ್ ಮಧ್ಯದಲ್ಲಿ ತೊಡಗಿ ಸುಮಾರು ಒಂದು ತಿಂಗಳು ನಡೆಯುತ್ತದೆ, ಅದರ ಕೊನೆಯ ಭಾಗದಲ್ಲಿ ಐದು ದಿನ ಚೆಂಡು ಆಡುತ್ತಾರೆ. ಊರವರು ಎರಡು ಬಣವಾಗಿ ಗದ್ದೆಗಿಳಿದು ಚರ್ಮದ ಚೆಂಡಿಗಾಗಿ ಸೆಣಸುವುದು ಅಲ್ಲಿ ಪೂಜೆಯ ಭಾಗವೇ. ಪೊಳಲಿಗೆ ಹೋದವರು ಬಚ್ಚಂಗಾಯಿ ತರದೆ ಮರಳಬಾರದೆಂಬ ರೂಢಿಯಿದೆ. ನಾವು ಕಲ್ಲಂಗಡಿ ಎನ್ನುವ ಹಣ್ಣೇ ಅದು, ಸುತ್ತಲಿನ ಗದ್ದೆಗಳಲ್ಲಿಯೇ ಬೆಳೆದದ್ದು. ಕಟೀಲಿನಲ್ಲಿ ಏಪ್ರಿಲ್ ಜಾತ್ರೆಯ ಕೊನೆಗೆ ತೂಟೆದಾರ ನಡೆಯುತ್ತದೆ. ಅತ್ತೂರು ಮತ್ತು ಕೊಡೆತ್ತೂರು ಎಂಬ ಎರಡು ಗ್ರಾಮಗಳ ಜನರು ಎದುರುಬದುರು ನಿಂತು ಉರಿಯುವ ತೆಂಗಿನ ಗರಿಯ ಸೂಡಿಗಳನ್ನು ಪರಸ್ಪರ ಎಸೆಯುತ್ತಾರೆ. ಹೊರಗಿನವರಿಗೆ ಅದು ಭಯ ಹುಟ್ಟಿಸುತ್ತದೆ. ಅವಧಿ ಮುಗಿದ ಕೂಡಲೇ ಅದೇ ಜನರು ಒಟ್ಟಿಗೆ ದೇವಸ್ಥಾನದ ಒಳಗೆ ಹೋಗುತ್ತಾರೆ. ಕಡಲಿಗೆ ತೀರ ಹತ್ತಿರದ ಕಾಪುವಿನಲ್ಲಿ ಮಾರ್ಚ್ ತಿಂಗಳಿನಲ್ಲಿ ಸುಗ್ಗಿ ಮಾರಿಪೂಜೆ. ಸಾಗರದ ಮಾರಿಕಾಂಬೆಗೆ ಮೂರು ವರ್ಷಕ್ಕೊಮ್ಮೆ ಜಾತ್ರೆ, ಕಾಪುವಿನ ಮಾರಿಗೆ ಸುಗ್ಗಿ, ಆಟಿ, ಜಾರ್ದೆ ಎಂಬ ತುಳು ತಿಂಗಳುಗಳ ಹೆಸರಿನಲ್ಲಿ ವರ್ಷಕ್ಕೆ ಮೂರು ಸಲ ಪೂಜೆ. ಸಾಗರದವರು ಈ ಸಭೆಯಲ್ಲಿದ್ದರೆ ಅಸೂಯೆ ಪಡಬೇಕಿಲ್ಲ, ಒಂದಕ್ಕೆ ಕಾಯುವ ಸುಖ ಬೇರೆ.

ಮೂಲ್ಕಿಯ ಬಪ್ಪನಾಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಾಂಭವಿ ನದಿ ಕಡಲು ಸೇರುವ ಕಡೆ ಇರುವ ಈ ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯೆಂದು ಸ್ಥಳಪುರಾಣ ಹೇಳುತ್ತದೆ, ಊರಿನ ಹೆಸರೇ ಅವನದು. ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತದೆ. ಯಕ್ಷಗಾನದಲ್ಲಿ ಬಪ್ಪ ಬ್ಯಾರಿಯ ಪಾತ್ರ ಬಂದು ಬ್ಯಾರಿ ಮಾತಿನಲ್ಲಿ ನಗಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಪ್ಪನಾಡಿನ ದೊಡ್ಡ ಡೋಲು ಹೆಸರುವಾಸಿ. ಅದಕ್ಕಿಂತ ಹೆಸರುವಾಸಿಯಾದದ್ದು ಅಲ್ಲಿನ ಶಯನೋತ್ಸವದ ಮಲ್ಲಿಗೆ. ಜಾತ್ರೆಯ ಶಯನದ ದಿನ ಭಕ್ತರು ಒಪ್ಪಿಸುವ ಮಲ್ಲಿಗೆ ಗರ್ಭಗುಡಿಯ ಮುಂದೆ ರಾಶಿ ಬೀಳುತ್ತದೆ. ಇದೇ ರೀತಿ ಭಟ್ಕಳದ ಚನ್ನಪಟ್ಟಣ ಹನುಮಂತನ ರಥೋತ್ಸವಕ್ಕೆ, ರಾಮನವಮಿಯಂದು, ದೇವಸ್ಥಾನದವರು ಊರಿನ ಒಂದು ಮುಸ್ಲಿಂ ಮನೆತನಕ್ಕೆ ಹೋಗಿ ವೀಳ್ಯವಿಟ್ಟು ಆಹ್ವಾನ ಕೊಡುವ ಪದ್ಧತಿ ಇದೆ. ಮೀನುಗಾರರು ನಂಬುವ ಬೊಬ್ಬರ್ಯ ದೈವದ ಕತೆಯಲ್ಲಿಯೂ ಕಡಲ ಮೇಲೆ ಬಂದ ಮುಸ್ಲಿಂ ವ್ಯಾಪಾರಿಯ ಎಳೆಯಿದೆ. ಉಳ್ಳಾಲದ ದರ್ಗಾದ ಪಂಚವಾರ್ಷಿಕ ಉರೂಸ್ ಇಡೀ ಜಿಲ್ಲೆಯನ್ನು ಸೆಳೆಯುತ್ತದೆ. ಅಲ್ಲಿನ ಪೇಟೆಗಳಲ್ಲಿ ಕೋಮುಗಲಭೆಗಳ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ, ಅದೂ ಸುಳ್ಳಲ್ಲ. ಎರಡೂ ಒಂದೇ ನೆಲದಲ್ಲಿ ನಡೆಯುತ್ತಿವೆ ಎಂಬಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ಮಲ್ಲಿಗೆಯ ಪ್ರಸ್ತಾಪ ಬಂದದ್ದರಿಂದ ಅದರ ಬಗ್ಗೆ ಒಂದೆರಡು ಮಾತು. ಉಡುಪಿ ಮಲ್ಲಿಗೆ, ಶಂಕರಪುರ ಮಲ್ಲಿಗೆ ಎಂದು ಕರೆಯುವ ಆ ಹೂವಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದನ್ನು ಬೆಳೆಯುವುದು ದೊಡ್ಡ ತೋಟಗಳಲ್ಲಿ ಅಲ್ಲ, ಮನೆಗಳ ಅಂಗಳದಲ್ಲಿ, ಹೆಚ್ಚಾಗಿ ಹೆಂಗಸರು. ಶಂಕರಪುರದಲ್ಲಿ ಇದನ್ನು ಬೆಳೆಯುವವರಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಅಟ್ಟಿಯ ದರ ದಿನದಿನಕ್ಕೂ ಬದಲಾಗುತ್ತದೆ, ಮದುವೆ, ನೇಮ, ಜಾತ್ರೆಗಳು ಒಂದೇ ವಾರದಲ್ಲಿ ಬಿದ್ದರೆ ಎರಡು ಸಾವಿರ ರೂಪಾಯಿಯನ್ನು ದಾಟಿದ್ದುಂಟು. ಮಳೆಗಾಲದಲ್ಲಿ ಗಿಡವೂ ಸೋಲುತ್ತದೆ, ಕೊಳ್ಳುವವರೂ ಕಡಿಮೆ. ಹೀಗೆ ಬೇಸಿಗೆಯ ಉತ್ಸವಗಳು ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕಕ್ಕೆ ದಾರಿಯಾಗುತ್ತವೆ. ಉತ್ಸವವೆಂದರೆ ಖರ್ಚು ಎಂದಷ್ಟೇ ಲೆಕ್ಕ ಹಾಕುವವರು ಈ ಜಮೆಯ ಕಡೆಯನ್ನೂ ಬರೆದುಕೊಳ್ಳಬೇಕು.

ಕೋಲ, ನೇಮಗಳ ಬಗ್ಗೆ ಈಚೆಗೆ ನಮ್ಮಲ್ಲಿ ಆಸಕ್ತಿ ಹೆಚ್ಚಿದೆ. ಸಿನಿಮಾಗಳಿಂದ ಬಂದ ಆಸಕ್ತಿಯದು, ಆದುದರಿಂದ ಒಂದು ತಿದ್ದುಪಡಿ ಅಗತ್ಯ. ತೆರೆಯ ಮೇಲೆ ಕಾಣುವುದು ದೈವದ ಆವೇಶದ ಕೆಲವು ಕ್ಷಣಗಳು. ನಿಜವಾದ ಕೋಲದಲ್ಲಿ ಹೆಚ್ಚಿನ ಹೊತ್ತು ನಿಧಾನದ್ದು. ದೈವದ ಒಡವೆ ಆಯುಧಗಳ ಭಂಡಾರ ಬರಬೇಕು, ತೆಂಗಿನ ಎಳೆಗರಿಯ ಸಿರಿ ಕಟ್ಟಬೇಕು, ಮುಖಕ್ಕೆ ಬಣ್ಣವಾಗಬೇಕು, ದೈವದ ಕತೆಯ ಪಾಡ್ದನ ಹಾಡಬೇಕು, ಕಾಲಿಗೆ ಗಗ್ಗರ ಕಟ್ಟಬೇಕು. ಇದೆಲ್ಲ ಆಗುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಆಮೇಲೆ ದೈವವು ನುಡಿ ಕೊಡಲು ತೊಡಗಿದಾಗ ಬರುವ ಮಾತುಗಳಾದರೂ ಯಾವುವು? ಗಡಿಯ ತಕರಾರು, ಅಣ್ಣತಮ್ಮಂದಿರ ಮಾತುಬಿಟ್ಟ ಸಂಗತಿ, ಬಾಕಿಯಾದ ಹರಕೆ, ಮಗಳ ಮದುವೆ. ಕುಟುಂಬದ ಹಿರಿಯರೂ ಊರಿನ ಮುಖ್ಯ ಮನೆತನವಾದ ಗುತ್ತಿನವರೂ ಊರಿನವರೂ ನಿಂತು ಕೇಳುವ ಆ ಹೊತ್ತನ್ನು ಒಂದು ಬಗೆಯ ಪಂಚಾಯಿತಿ ಎನ್ನುವುದಕ್ಕೆ ನನಗೆ ಸಂಕೋಚವಿಲ್ಲ. ಅಲ್ಲಿ ಎಲ್ಲರೂ ಹಾಜರಿರಬೇಕಾಗುತ್ತದೆ. ಎಲ್ಲರೂ ಹಾಜರಿರಲು ಸಾಧ್ಯವಾಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿಯೇ, ಏಕೆಂದರೆ ಕರಾವಳಿಯ ಅರ್ಧ ಸಂಸಾರ ಮುಂಬಯಿಯಲ್ಲಿದೆ.

ಈ ಮುಂಬಯಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಶತಮಾನದಿಂದ ಹೋಟೆಲು, ಗಿರಣಿ, ಬ್ಯಾಂಕುಗಳ ಕೆಲಸಕ್ಕೆಂದು ಹೋದವರು ವರ್ಷಕ್ಕೊಮ್ಮೆ ಮಕ್ಕಳ ರಜೆಯಲ್ಲಿ ಊರಿಗೆ ಬರುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಘಟ್ಟದ ಮೇಲಿನ ಬಳಸುದಾರಿಯ ಬಸ್ಸು ಪ್ರಯಾಣ ಕಡಿಮೆಯಾಯಿತು, ಬರುವವರ ಸಂಖ್ಯೆ ಏರಿತು. ಬಂದವರು ಮೂರೇ ವಾರದಲ್ಲಿ ನಾಗನಿಗೆ ತಂಬಿಲ ಸೇವೆ ಮಾಡಿಸಬೇಕು, ಕುಟುಂಬದ ಮೂಲಮನೆಯಾದ ತರವಾಡು ಮನೆಯ ದೈವಕ್ಕೆ ನೇಮ ಕೊಡಬೇಕು, ತಂಗಿಯ ಮದುವೆ ಮುಗಿಸಬೇಕು, ಹರಕೆಯ ಆಟ ಆಡಿಸಬೇಕು. ಊರಿನ ದೇವಸ್ಥಾನ ಜೀರ್ಣೋದ್ಧಾರವಾಗಿದ್ದರೆ ಬ್ರಹ್ಮಕಲಶೋತ್ಸವವೂ ಆಗಲೇ. ಅದಕ್ಕೆ ಸುತ್ತಲಿನ ಊರುಗಳಿಂದ ಹೊರೆಕಾಣಿಕೆ ಬರುವುದನ್ನು ತಾವು ನೋಡಬೇಕು: ಅಕ್ಕಿ ಮೂಟೆ, ತೆಂಗಿನಕಾಯಿ, ಬಾಳೆಗೊನೆ, ಕುಂಬಳ, ಸೌತೆ, ಬೆಲ್ಲ ತುಂಬಿದ ಲಾರಿಗಳೂ ಟೆಂಪೋಗಳೂ ಮೈಲುದ್ದ ಮೆರವಣಿಗೆಯಲ್ಲಿ, ಮುಂದೆ ಚೆಂಡೆ ಕೊಂಬುಗಳೊಂದಿಗೆ ಬರುತ್ತವೆ. ದಿನವೂ ಸಾವಿರಾರು ಜನರಿಗೆ ಊಟ ಹಾಕುವ ಶಕ್ತಿ ಒಂದು ಸಾಧಾರಣ ಗ್ರಾಮಕ್ಕೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಆ ಮೆರವಣಿಗೆಯೇ ಉತ್ತರ. ಇವುಗಳ ನಡುವೆ ಯುವಕ ಮಂಡಲಗಳ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳೂ ನಡೆಯುತ್ತವೆ. ಕಂಬಳ ನವೆಂಬರ್‌ನಲ್ಲಿ ತೊಡಗಿ ಏಪ್ರಿಲ್ ವೇಳೆಗೆ ಮುಗಿದಿರುತ್ತದೆ. ಅದರ ಮೇಲಿನ ಕಾನೂನಿನ ತೊಡಕು 2023ರ ಮೇ 18ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಗೆಹರಿದಿದೆ, ಅದು ಬೇರೆಯೇ ಉಪನ್ಯಾಸದ ವಿಷಯ.

ಯಕ್ಷಗಾನದ ವಿಚಾರಕ್ಕೆ ಬಂದರೆ ಕರಾವಳಿಯ ಬೇಸಿಗೆ ನಮ್ಮದೂ ಆಗುತ್ತದೆ. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ತಿರುಗಾಟ ಮಾಡುತ್ತವೆ. ಹರಕೆಯ ಆಟಗಳ ಸಂಖ್ಯೆ ಎಷ್ಟೆಂದರೆ ಇಂದು ಹೇಳಿಕೊಂಡವರಿಗೆ ಸರದಿ ಬರುವಾಗ ಹತ್ತಾರು ವರ್ಷ ಕಳೆದಿರುತ್ತದೆ, ಅಪ್ಪ ಹೊತ್ತ ಹರಕೆಯನ್ನು ಮಗ ತೀರಿಸುವುದು ಸಾಮಾನ್ಯ. ಆ ಹರಕೆಯವರಲ್ಲಿ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಯ ಕಡೆಯವರು ಬಹಳ ಮಂದಿ. ಮೇಳವು ದೇವರ ಪೆಟ್ಟಿಗೆಯೊಂದಿಗೆ ಘಟ್ಟ ಹತ್ತಿ ಬಂದು, ಅಡಿಕೆ ಚಪ್ಪರ ಬಿಚ್ಚಿದ ನಮ್ಮ ಅಂಗಳಗಳಲ್ಲಿ ಆಡಿ ಹೋಗುತ್ತದೆ. ಸಾಲಿಗ್ರಾಮ, ಪೆರ್ಡೂರು ಮೇಳಗಳ ಡೇರೆ ಆಟಗಳಿಗೆ ಸಾಗರ, ಶಿವಮೊಗ್ಗಗಳ ಮೈದಾನಗಳು ಎಷ್ಟೋ ವರ್ಷಗಳಿಂದ ಪರಿಚಿತ. ಸಂಜೆ ಬಾರಿಸುವ ಕೇಳಿಯ ಸದ್ದಿಗೆ ಮೂರು ಗುಡ್ಡದಾಚೆಯಿಂದ ಜನ ದೊಂದಿ ಹಿಡಿದು ಬರುತ್ತಿದ್ದರೆಂದು ನಮ್ಮ ಹಿರಿಯರು ಹೇಳುವುದನ್ನು ತಾವೂ ಕೇಳಿರುತ್ತೀರಿ.

ಈ ಏರಿಳಿತ ಆಟಕ್ಕಷ್ಟೇ ಸೇರಿದ್ದಲ್ಲ. ಕೆಳದಿ ಅರಸರ ಕಾಲದಲ್ಲಿ ಬಸರೂರು, ಹೊನ್ನಾವರ, ಮಂಗಳೂರು ರೇವುಗಳು ಘಟ್ಟದ ಮೇಲಿನ ರಾಜ್ಯಕ್ಕೆ ಸೇರಿದ್ದವು, ಅಕ್ಕಿ ಮೆಣಸುಗಳು ಆ ದಾರಿಯಲ್ಲಿ ಕಡಲಿಗೆ ಇಳಿಯುತ್ತಿದ್ದವು. ಮಳೆಗಾಲದಲ್ಲಿ ಹೇರಿನ ಎತ್ತುಗಳಿಗೆ ಘಾಟಿ ಹತ್ತಲು ಸಾಧ್ಯವಿರಲಿಲ್ಲ, ಹಡಗುಗಳಿಗೂ ರೇವು ಮುಚ್ಚಿರುತ್ತಿತ್ತು. ವ್ಯಾಪಾರವೂ ಉತ್ಸವದಂತೆಯೇ ಒಣ ತಿಂಗಳುಗಳ ಕೆಲಸವಾಗಿತ್ತು. ಮೇ ಮುಗಿಯುವುದರೊಳಗೆ ಉಪ್ಪು, ಒಣಮೀನು, ತೆಂಗಿನಕಾಯಿಗಳನ್ನು ಮನೆ ಸೇರಿಸಿಕೊಳ್ಳುವ ಅವಸರ ಮಲೆನಾಡಿನ ಮನೆಗಳಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಈಗಲೂ ಬೇಸಿಗೆಯ ಬಿಸಿಲಿನಲ್ಲಿಯೇ ಉಪ್ಪು ಕಟ್ಟುತ್ತದೆ, ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗಿದಂತೆ.

ಉತ್ತರ ಕನ್ನಡಕ್ಕೆ ಹೋದರೆ ಪತ್ತನಾಜೆಯ ಹೆಸರಿಲ್ಲ. ಅಲ್ಲಿ ಚಾಂದ್ರಮಾನದ ಲೆಕ್ಕ. ಹೋಳಿ ಹುಣ್ಣಿಮೆಗೆ ಮುನ್ನ ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ಬೆಂಡಿನ ಹೂಗಳ ಎತ್ತರದ ತುರಾಯಿ ಧರಿಸಿ ಸುಗ್ಗಿ ಕುಣಿತಕ್ಕೆ ಹೊರಟು ಊರೂರು ಸುತ್ತುತ್ತಾರೆ. ವೈಶಾಖದ ಹುಣ್ಣಿಮೆಗೆ ಅಂಕೋಲೆಯಲ್ಲಿ ಬಂಡಿಹಬ್ಬ. ಗ್ರಾಮದೇವತೆಯ ಕಳಸ ಊರಿನಲ್ಲಿ ಸಂಚರಿಸುತ್ತದೆ, ಪರವೂರಿನಲ್ಲಿ ಇರುವವರೆಲ್ಲ ಆ ದಿನಕ್ಕೆ ಊರು ಸೇರುತ್ತಾರೆ, ಬೀದಿಯುದ್ದಕ್ಕೂ ಅಂಗಡಿಗಳು ಕೂರುತ್ತವೆ. ಅದೇ ವಾರಗಳಲ್ಲಿ ಅಂಕೋಲೆಯ ಕರಿ ಇಷಾಡ ಮಾವಿನ ಹಣ್ಣೂ ಪೇಟೆಗೆ ಬಂದಿರುತ್ತದೆ. ತಾಯಿಯ ಮನೆಗೆ ಬಂದ ಮಗಳು ಮರಳುವಾಗ ಬುಟ್ಟಿಯಲ್ಲಿ ಆ ಹಣ್ಣಿರಬೇಕು. ಪಂಚಾಂಗ ಬೇರೆಯಾದರೂ ಹಬ್ಬಗಳು ಬಂದು ನಿಲ್ಲುವ ಜಾಗ ಒಂದೇ ಎಂಬುದನ್ನು ಗಮನಿಸಿ: ಕೊಯ್ಲಾದ ಮೇಲೆ, ಮಳೆಗೆ ಮುಂಚೆ.

ಇನ್ನು ಕಡಲು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದೆ. ಮೀನು ಮರಿಮಾಡುವ ಕಾಲವೆಂಬುದು ಅದರ ಕಾರಣ, ಕಡಲಿನ ಅಬ್ಬರವಂತೂ ಇದ್ದೇ ಇದೆ. ಆದುದರಿಂದ ಮೇ ಕೊನೆಯ ವಾರದಲ್ಲಿ ಮಲ್ಪೆಯ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಬಲೆಗಳನ್ನು ಇಳಿಸುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ಆಂಧ್ರ, ಒಡಿಶಾ ಕಡೆಯ ಕೆಲಸಗಾರರು ಲೆಕ್ಕ ಚುಕ್ತಾ ಮಾಡಿಕೊಂಡು ರೈಲು ಹತ್ತುತ್ತಾರೆ. ಮೀನುಗಾರನ ವರ್ಷವೂ ದೈವ ದೇವರುಗಳ ವರ್ಷವೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಕೊನೆಗೊಳ್ಳುತ್ತವೆ. ಅದಕ್ಕೆ ಮೊದಲು ನೀವು ಕೆಳಗೆ ಹೋಗಿದ್ದರೆ, ಬೆಳಗಿನ ಹೊತ್ತು ಕೈರಂಪಣಿ ಎಳೆಯುವ ಕಡೆ ನಿಂತು ನೋಡಿ. ದೋಣಿಯಿಂದ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಹಾಡಿನ ಲಯದಲ್ಲಿ ಎಳೆಯುತ್ತಾರೆ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿಗಳು ಉಳಿಯಲಿಲ್ಲ, ಚಿಕ್ಕದಾದ ಕೈರಂಪಣಿ ಉಳಿದಿದೆ. ಪ್ರವಾಸಿಗರು ಕೈಹಾಕಿ ಎಳೆದರೆ ಅವರು ಬೇಡವೆನ್ನುವುದಿಲ್ಲ.

ಈಗಿನ ಹೊಸ ಉತ್ಸವಗಳೂ ಇವೆ. ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡಿನ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ. ತೀರಗಳಲ್ಲಿ ಮರಳಶಿಲ್ಪ, ಆಹಾರ ಮೇಳ, ಸಂಗೀತ ಸಂಜೆಗಳು ನಡೆಯುತ್ತವೆ. ಇವುಗಳ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ, ಎಲ್ಲ ಊರಿನಲ್ಲಿಯೂ ಇವು ಒಂದೇ ರೀತಿ ಇರುತ್ತವೆ. ಒಂದು ಮಾತ್ರ ಅಪವಾದ. ಮೂಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿ 2016ರಿಂದ ಅಲೆಸವಾರಿಯ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತ ಬಂದಿದೆ, ಕೆಲವು ವರ್ಷ ಪಣಂಬೂರಿನಲ್ಲಿ ಆಗಿದೆ. ಅದರ ಕಾಲ ಮೇ ಕೊನೆ ಅಥವಾ ಜೂನ್ ಆರಂಭ. ಊರಿನವರು ದೋಣಿಯನ್ನು ದಡಕ್ಕೆ ಎಳೆದು, ಚಪ್ಪರ ಬಿಚ್ಚಿ, ತೆರೆ ಎದ್ದಿತೆಂದು ಮನೆಯೊಳಗೆ ಸೇರುವ ವಾರದಲ್ಲಿಯೇ, ತೆರೆ ಎದ್ದಿತೆಂಬ ಅದೇ ಕಾರಣಕ್ಕೆ ಈ ತರುಣರು ನೀರಿಗಿಳಿಯುತ್ತಾರೆ. ಅವರಲ್ಲಿ ಸ್ಥಳೀಯ ಹುಡುಗರೂ ಹುಡುಗಿಯರೂ ಇದ್ದಾರೆ. ಹೊಸದಾದರೂ ಆ ಕಡಲಿನ ನಡೆಯನ್ನು ನೋಡಿಯೇ ದಿನ ಗೊತ್ತುಮಾಡಿದ ಉತ್ಸವವಾದ್ದರಿಂದ ನನಗೆ ಅದು ಇಷ್ಟ.

ಬದಲಾವಣೆಗಳ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಶಬ್ದದ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ರಾಜ್ಯ ಸರ್ಕಾರವು ವರ್ಷಕ್ಕೆ ಹದಿನೈದು ದಿನ ಮಾತ್ರ ಹನ್ನೆರಡರವರೆಗೆ ಸಡಿಲಿಸಬಹುದು. ರಾತ್ರಿಯಿಡೀ ನಡೆಯುವ ಸಂಸ್ಕೃತಿಗೆ ಇದು ನೇರ ಪೆಟ್ಟು, ಕಾಲಮಿತಿಯ ಆಟಗಳು ಹೆಚ್ಚಲು ಇದೂ ಒಂದು ಕಾರಣ. ಕಾನೂನು ಕಲೆಯ ವಿರೋಧಿ ಎಂದು ಕೂಗುವವರೊಂದಿಗೆ ನಾನು ಸೇರುವುದಿಲ್ಲ. ಹಿಂದೆ ಚೆಂಡೆಯ ಸದ್ದು ಗುಡ್ಡ ದಾಟುತ್ತಿತ್ತು, ಭಾಗವತರ ಕಂಠ ಗದ್ದೆಯ ಅಂಚಿನವರೆಗೆ ಸಾಕಾಗುತ್ತಿತ್ತು. ಈಗ ಆಳೆತ್ತರದ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ ಪಕ್ಕದ ಮನೆಯ ರೋಗಿಯನ್ನು ಎಬ್ಬಿಸಬೇಕೆಂದು ಯಾವ ದೇವರೂ ಕೇಳಿಲ್ಲ. ಆದರೆ ಬೆಳಗಿನ ಜಾವದ ರಾಕ್ಷಸ ಪಾತ್ರದ ಬಣ್ಣದ ವೇಷವನ್ನು ರಾತ್ರಿ ಹನ್ನೊಂದಕ್ಕೆ ತಂದು ನಿಲ್ಲಿಸಿದಾಗ ಪ್ರಸಂಗದ ಓಟವೇ ಕೆಡುತ್ತದೆ ಎಂಬುದೂ ನಿಜ. ಮೈಕಿಲ್ಲದ ಇಡೀ ರಾತ್ರಿಯ ಆಟಗಳನ್ನು ವರ್ಷಕ್ಕೆ ನಾಲ್ಕಾದರೂ ಆಡಿಸುವ ಧೈರ್ಯವನ್ನು ಸಂಘಟಕರು ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಎರಡನೆಯದು ನೀರು. ಅಷ್ಟು ಮಳೆ ಸುರಿಯುವ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳಿನಲ್ಲಿ ಕುಡಿಯುವ ನೀರಿಗೆ ತತ್ವಾರವಾಗುತ್ತದೆ. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು ಆಧಾರ, ಎರಡರಲ್ಲಿಯೂ ಮಟ್ಟ ಇಳಿದ ಸುದ್ದಿ ಬೇಸಿಗೆಯಲ್ಲಿ ಬರುತ್ತದೆ. ಹೊಳೆಬಾಯಿಯ ಊರುಗಳಲ್ಲಿ ಬಾವಿಗೆ ಉಪ್ಪುನೀರು ನುಗ್ಗುತ್ತದೆ. ಸಾವಿರ ಎಲೆಯ ಅನ್ನಸಂತರ್ಪಣೆಗೆ ಟ್ಯಾಂಕರ್ ನೀರು ತರಿಸುವ ದೇವಸ್ಥಾನಗಳಿವೆ.

ಮೂರನೆಯದು, ನನಗೆ ಹೆಚ್ಚು ಮುಖ್ಯವೆನಿಸುವುದು, ಗಡುವಿನ ಮೇಲೆ ಬಿದ್ದಿರುವ ಒತ್ತಡ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ರಂದೇ ಬಂದಿತು, ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲು. ಕರಾವಳಿಯಲ್ಲಿ ಪತ್ತನಾಜೆಯೂ ಮಳೆಯೂ ಒಟ್ಟಿಗೆ ಬಿದ್ದವು. ಅದಕ್ಕೆ ಮೊದಲೇ ಸುರಿದ ಮಳೆಗೆ ಮೇ ತಿಂಗಳ ಎಷ್ಟೋ ಆಟಗಳು ಸಭಾಭವನದ ಒಳಗೆ ಹೋಗಬೇಕಾಯಿತು. ಒಂದು ಕಡೆ ಮಳೆ ಹಿಂದಕ್ಕೆ ಒತ್ತುತ್ತಿದೆ, ಇನ್ನೊಂದು ಕಡೆ ಹರಕೆ, ಮದುವೆ, ಬ್ರಹ್ಮಕಲಶ, ಪಂದ್ಯಾಟಗಳ ಸಂಖ್ಯೆ ಏರುತ್ತಿದೆ. ದೈವ ಕಟ್ಟುವವರಿಗೆ ಸಾಲು ಸಾಲಾಗಿ ರಾತ್ರಿಗಳ ನಿದ್ದೆಯಿಲ್ಲ. ಮೇಳದ ಕಲಾವಿದರು ಘಟ್ಟ ಹತ್ತಿ ಇಳಿದು ಬಸ್ಸಿನಲ್ಲಿಯೇ ಕಣ್ಣು ಮುಚ್ಚುತ್ತಾರೆ. ಚಪ್ಪರದವರು, ಬಾಣಸಿಗರು, ವಾದ್ಯದವರು ಎಲ್ಲರದೂ ಅದೇ ಪಾಡು. ಇಂಥವರಿಗೆಲ್ಲ ಪತ್ತನಾಜೆಯೆಂದರೆ ವರ್ಷದ ಒಂದೇ ಖಚಿತ ರಜೆ. ಗಡುವನ್ನು ಸಡಿಲಿಸಿ ಸಭಾಂಗಣಗಳಲ್ಲಿ ವರ್ಷವಿಡೀ ನಡೆಸೋಣ ಎಂಬ ಮಾತು ಈಗ ಕೇಳಿಬರುತ್ತಿದೆ, ಮಳೆಗಾಲದ ಪ್ರದರ್ಶನಗಳು ನಗರಗಳಲ್ಲಿ ಆಗಲೇ ಇವೆ. ಬಿಡುವಿನ ತಿಂಗಳಲ್ಲಿ ಸಂಪಾದನೆ ಬೇಕಾದ ಕಲಾವಿದ ಒಪ್ಪಿಕೊಂಡರೆ ಅವನನ್ನು ದೂರುವ ಹಕ್ಕು ನಮಗಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಅದಕ್ಕೂ ಒಂದು ದಾರಿಯಿತ್ತು: ಚಿಕ್ಕಮೇಳವೆಂದು ಮೂರು ನಾಲ್ಕು ಜನ ವೇಷ ಕಟ್ಟಿ ಮಳೆಗಾಲದ ಸಂಜೆ ಮನೆಮನೆಗೆ ಬಂದು, ಜಗಲಿಯಲ್ಲಿ ಹತ್ತು ನಿಮಿಷ ಆಡಿ, ಅಕ್ಕಿ ಕಾಯಿ ಪಡೆದು ಹೋಗುವುದು. ಅದು ಈಚಿನ ವರ್ಷಗಳಲ್ಲಿ ಮತ್ತೆ ಹೆಚ್ಚಿದೆ.

ಸಭೆಯಲ್ಲಿ ಒಬ್ಬರು ಕೇಳಿದರು: ಪ್ರವಾಸಿಗರಿಗೆ ಅನುಕೂಲವಾಗುವಂತೆ ಈ ಜಾತ್ರೆಗಳನ್ನು ತಂಪಿನ ಡಿಸೆಂಬರ್ ತಿಂಗಳಿಗೆ ತರಲು ಆಗುವುದಿಲ್ಲವೇ ಎಂದು. ಸರ್ಕಾರದ ಕರಾವಳಿ ಉತ್ಸವವನ್ನು ತರಬಹುದು, ತಂದಿದ್ದಾರೆ ಕೂಡ. ಜಾತ್ರೆಯನ್ನು ತರಲಾಗುವುದಿಲ್ಲ, ಏಕೆಂದರೆ ಡಿಸೆಂಬರ್‌ನಲ್ಲಿ ಗದ್ದೆಯಲ್ಲಿ ಸುಗ್ಗಿಯ ಪೈರು ಇರಬೇಕು, ದೋಣಿ ಕಡಲಿನಲ್ಲಿರಬೇಕು, ಮುಂಬಯಿಯ ಮಕ್ಕಳು ಶಾಲೆಯಲ್ಲಿರಬೇಕು. ಸೆಕೆಯನ್ನು ಸಹಿಸಿಕೊಂಡು ನಾವೇ ಇಳಿದು ಹೋಗುವುದು ಸುಲಭ.

ಹೋಗುವವರಿಗೆ ಕೆಲವು ಸೂಚನೆಗಳು. ಏಪ್ರಿಲ್‌ನ ನಡುವಿನ ಎರಡು ವಾರ ಅಥವಾ ಮೇ ತಿಂಗಳ ಮೊದಲ ಎರಡು ವಾರ ಒಳ್ಳೆಯದು. ಸಂತ ಮೇರಿ ದ್ವೀಪಕ್ಕೆ ಹೋಗುವ ದೋಣಿಗಳು ಮೇ ಮಧ್ಯದಲ್ಲಿ ನಿಲ್ಲುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಿ. ಎಲ್ಲಿ ಏನಿದೆಯೆಂದು ತಿಳಿಯಲು ಬಸ್ ನಿಲ್ದಾಣದ ಗೋಡೆಗಳನ್ನೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಇಟ್ಟಿರುವ ಆಮಂತ್ರಣ ಪತ್ರಿಕೆಗಳನ್ನೂ ನೋಡಿದರೆ ಸಾಕು. ಕೋಲಕ್ಕೆ ಹೋದರೆ ದೈವದ ಹತ್ತಿರ ಮೊಬೈಲ್ ಹಿಡಿಯಬೇಡಿ, ಅನೇಕ ಕಡೆ ಅದಕ್ಕೆ ನಿರ್ಬಂಧವಿದೆ, ಮನೆಯವರನ್ನು ಕೇಳಿ ನಡೆದುಕೊಳ್ಳಿ. ಆಟಕ್ಕೆ ಹೋದರೆ ವೇಷ ಕಟ್ಟುವ ಚೌಕಿಯ ಕಡೆ ಒಮ್ಮೆ ಇಣುಕಿ ಬಣ್ಣ ಹಚ್ಚುವುದನ್ನು ನೋಡಿ, ಅಲ್ಲಿ ಬೇಡವೆನ್ನುವವರು ಕಡಿಮೆ. ಹರಕೆ ಆಟಕ್ಕೆ ಟಿಕೆಟ್ ಇರುವುದಿಲ್ಲ, ಆಮಂತ್ರಣವೂ ಬೇಕಿಲ್ಲ, ರಾತ್ರಿ ಎಂಟರ ಹೊತ್ತಿಗೆ ತಲುಪಿದರೆ ಊಟದ ಪಂಕ್ತಿಯಲ್ಲಿ ನಿಮಗೂ ಎಲೆ ಹಾಕುತ್ತಾರೆ.